ಹರಿಹರ ಸಿದ್ಧಾಂತ: ಅಗ್ಗದ ಎಲೆಕ್ಟ್ರಿಕ್ ಗಿಟಾರಿನ ಗುಣಮೀಮಾಂಸೆ

ಅಗ್ಗದ ಎಲೆಕ್ಟ್ರಿಕ್ ಗಿಟಾರು ಒಳ್ಳೆಯದೋ ಕೆಟ್ಟದ್ದೋ ಎಂಬ ಜಿಜ್ಞಾಸೆ ಬಹಳ ಹಳೆಯದೇನಲ್ಲ. ಆದರೂ ಅದರ ಸುತ್ತ ಆಗಲೇ ಎರಡು ಸಂಪ್ರದಾಯಗಳು ಹುಟ್ಟಿಕೊಂಡು, ಒಂದನ್ನೊಂದು ಮುಟ್ಟಿಸಿಕೊಳ್ಳದಷ್ಟು ಮಡಿಯಲ್ಲಿವೆ. ಒಂದು ಪಕ್ಷದವರ ಪ್ರಕಾರ ಲಕ್ಷ ರೂಪಾಯಿಯ ಕೆಳಗೆ ನಾದವೆಂಬುದೇ ಇಲ್ಲ. ಇನ್ನೊಂದು ಪಕ್ಷದವರ ಪ್ರಕಾರ ಎಲ್ಲವೂ ಬೆರಳಿನಲ್ಲಿದೆ, ಒನಕೆಗೆ ತಂತಿ ಕಟ್ಟಿಕೊಟ್ಟರೂ ನಡೆಯುತ್ತದೆ. ಇಬ್ಬರೂ ಗಿಟಾರನ್ನೇ ನೋಡುತ್ತ ಕೂತರು; ಅದು ಯಾವ ಊರಿಗೆ ಬಂದು ಇಳಿಯುತ್ತದೆ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಅಗ್ಗದ ಗಿಟಾರು ಕೀಳು ಗಿಟಾರಲ್ಲ, ಕೆಲಸ ಬಾಕಿ ಉಳಿದ ಗಿಟಾರು. ಆ ಬಾಕಿ ಕೆಲಸ ಮುಗಿಸುವ ಕೈಗಳು ಎಲ್ಲಿ ಧಾರಾಳವಾಗಿವೆಯೋ ಅಲ್ಲಿ ಅದರ ಮೌಲ್ಯ ತಾನಾಗಿಯೇ ಏರುತ್ತದೆ. ಅಂಥ ಕ್ಷೇತ್ರ ಕ್ಯಾಲಿಫೋರ್ನಿಯಾ ಅಲ್ಲ. ಪಿ.ಬಿ. ರಸ್ತೆಯ ಮೇಲೆ ಸುಮಾರು 14 ಕಿ.ಮೀ. ಅಂತರದಲ್ಲಿ ಕೂತಿರುವ ದಾವಣಗೆರೆ ಮತ್ತು ಹರಿಹರ ಎಂದು ಇಲ್ಲಿ ಸಾಧಿಸಲಾಗುವುದು.

ಮೊದಲು ವಸ್ತುನಿರ್ದೇಶ. ಅಗ್ಗದ್ದು ಎಂದರೆ ಇಲ್ಲಿ ಸುಮಾರು 7,000ದಿಂದ 20,000 ರೂಪಾಯಿಯೊಳಗಿನದು. ಇದರ ಕೆಳತುದಿಯ ಮಾಲು ಬ್ಯಾಗು, ಬೆಲ್ಟು, ವೈರು ಮತ್ತು ಟಿಫಿನ್ ಡಬ್ಬಿ ಗಾತ್ರದ ಆಂಪ್ಲಿಫೈಯರ್ ಸಮೇತ ಬರುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಸಿಕ್ಕಿದ್ದು ವಾದ್ಯ ಹೇಗಾದೀತು ಎಂದು ಮೂಗು ಮುರಿಯುವವರು ಈ ವಾದ್ಯದ ವಂಶಾವಳಿಯನ್ನು ಒಮ್ಮೆ ನೋಡಬೇಕು. ವೀಣೆಗೆ ನಾರದರಿದ್ದಾರೆ, ಕೊಳಲಿಗೆ ಕೃಷ್ಣನಿದ್ದಾನೆ. ಹಲಗೆ ಮೈಯ ಎಲೆಕ್ಟ್ರಿಕ್ ಗಿಟಾರನ್ನು ಮನೆಮಾತಾಗಿಸಿದ ಲಿಯೋ ಫೆಂಡರ್ ಮಾತ್ರ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಗಿಟಾರು ನುಡಿಸಲು ಆತನಿಗೆ ಬರುತ್ತಿರಲಿಲ್ಲ. 1950ರಲ್ಲಿ ಆತ ಮಾರುಕಟ್ಟೆಗೆ ತಂದದ್ದು ಒಂದು ಹಲಗೆ, ಅದಕ್ಕೆ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ ಒಂದು ಕತ್ತು. ಹಳೆಯ ಗಿಟಾರು ಕುಶಲಿಗಳು ಕತ್ತನ್ನು ಅಂಟು ಹಾಕಿ, ನೆರಳಿನಲ್ಲಿ ಒಣಗಿಸಿ, ಶಿಲ್ಪದಂತೆ ಕೂರಿಸುತ್ತಿದ್ದ ಕಾಲದಲ್ಲಿ ಈತ ಕೆಟ್ಟರೆ ಬಿಚ್ಚಿ ಬೇರೆ ಹಾಕಿಕೊಳ್ಳಿ ಎಂದ. ಅಂದರೆ ಈ ವಾದ್ಯ ಸ್ಕ್ರೂಡ್ರೈವರಿನ ಕೈಯಲ್ಲೇ ಹುಟ್ಟಿದ್ದು. ಅಗ್ಗವಾಗಿ, ಬೇಗ, ಬಿಚ್ಚಿ ಜೋಡಿಸುವಂತೆ ಮಾಡುವುದೇ ಇದರ ಆಗಮಶಾಸ್ತ್ರ. ದುಬಾರಿ ಗಿಟಾರನ್ನು ಮೂಲವೆಂದೂ ಅಗ್ಗದ್ದನ್ನು ಅಪಭ್ರಂಶವೆಂದೂ ಕರೆಯುವವರು ಇತಿಹಾಸವನ್ನು ತಲೆಕೆಳಗಾಗಿ ಓದಿದ್ದಾರೆ.

ಈಗ ಪೂರ್ವಪಕ್ಷದ ಬ್ರಹ್ಮಾಸ್ತ್ರ: ಮರ. ಒಳ್ಳೆಯ ನಾದ ಒಳ್ಳೆಯ ಮರದಿಂದ, ಒಳ್ಳೆಯ ಮರ ದುಬಾರಿ, ಆದ್ದರಿಂದ ಅಗ್ಗದ ಗಿಟಾರಿಗೆ ನಾದವಿಲ್ಲ. ತಂಬೂರಿಗೆ, ವೀಣೆಗೆ ಈ ಮಾತು ಸರಿ. ಅಲ್ಲಿ ಮರವೇ ಗಾಳಿಯನ್ನು ಅಲುಗಿಸಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅಲುಗುವುದು ಉಕ್ಕಿನ ತಂತಿ. ಅದರ ಕೆಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ತಾಮ್ರದ ಸುರುಳಿ. ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅಯಸ್ಕಾಂತಕ್ಕೆ ಮರದ ಕುಲಗೋತ್ರ ಗೊತ್ತಾಗುವುದಿಲ್ಲ. ತಂತಿಯ ನಾದ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲಿ ಮರದ ಪಾತ್ರ ಒಂದಿಷ್ಟು ಇದ್ದೀತು; ಅದನ್ನು ಈ ಪ್ರಬಂಧ ಉದಾರವಾಗಿ ಬಿಟ್ಟುಕೊಡುತ್ತದೆ. ಆದರೆ 1950ರ ದಶಕದಲ್ಲಿ ನ್ಯೂಜೆರ್ಸಿಯ ನೇಥನ್ ಡೇನಿಯಲ್ ತನ್ನ ಡ್ಯಾನೆಲೆಕ್ಟ್ರೋ ಗಿಟಾರುಗಳನ್ನು ಮರದ ಚೌಕಟ್ಟಿಗೆ ಹಾರ್ಡ್‌ಬೋರ್ಡ್ ಅಂಟಿಸಿ ಮಾಡಿದ. ಸುರುಳಿಗಳನ್ನು ಲಿಪ್‌ಸ್ಟಿಕ್ಕಿನ ಲೋಹದ ಕೊಳವೆಯೊಳಗೆ ತುರುಕಿದ. ಸಿಯರ್ಸ್ ಕಂಪನಿಯ ಕ್ಯಾಟಲಾಗಿನಲ್ಲಿ ಅಂಗಿ, ಒಲೆಗಳ ಜೊತೆ ಮಾರಾಟವಾಗುತ್ತಿದ್ದ ಈ ಜಾತಿಯ ವಾದ್ಯವನ್ನೇ ಮುಂದೆ ಲೆಡ್ ಜೆಪ್ಲಿನ್ನಿನ ಜಿಮ್ಮಿ ಪೇಜ್ ವೇದಿಕೆಯ ಮೇಲೆ ನುಡಿಸಿದ. ನಮ್ಮ ಕಡೆ ಇದೇ ಹಾರ್ಡ್‌ಬೋರ್ಡನ್ನು ಬೀರುವಿನ ಹಿಂಬದಿಗೆ ಹೊಡೆಯುತ್ತಾರೆ. ಬೀರುವನ್ನು ನುಡಿಸಲು ಇನ್ನೂ ಯಾರೂ ಮುಂದೆ ಬಂದಿಲ್ಲ ಎಂಬುದು ನಾದದ ಕೊರತೆಯಲ್ಲ, ಉತ್ಸಾಹದ ಕೊರತೆ.

ಮರದ ವಿಚಾರದಲ್ಲಿ ಇನ್ನೊಂದು ಮಾತನ್ನು ಕನ್ನಡಿಗರಾಗಿ ಹೇಳಲೇಬೇಕು. ದುಬಾರಿ ಗಿಟಾರುಗಳ ಬೆರಳಹಲಗೆಗೆ ಲೋಕವೆಲ್ಲ ಹಂಬಲಿಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಬೀಟೆ. 2017ರಲ್ಲಿ ಬೀಟೆಯ ಇಡೀ ಬಳಗವನ್ನು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಡಿಸಿದಾಗ ಕಂಪನಿಗಳು ಬದಲಿ ಮರ ಹುಡುಕಿದವು. ಅಗ್ಗದ ಗಿಟಾರಿಗೆ ಸಿಕ್ಕಿದ ಬದಲಿಯೊಂದರ ಹೆಸರು ಇಂಡಿಯನ್ ಲಾರೆಲ್. ಕೇಳಲು ಯಾವುದೋ ರಾಜಮನೆತನದ ಹೆಸರಿನಂತಿದೆ, ಅದು ನಮ್ಮ ಮತ್ತಿ ಮರ. ಬೀಟೆ ದೊಡ್ಡವರಿಗೆ, ಮತ್ತಿ ಬಡವರಿಗೆ ಎಂಬ ಹಂಚಿಕೆ ಎರಡೂ ಮರಗಳನ್ನು ಒಂದೇ ಕಾಡಿನಲ್ಲಿ ನೋಡಿದವರಿಗೆ ಅಷ್ಟೇನೂ ಗಂಭೀರವಾಗಿ ಕಾಣುವುದಿಲ್ಲ.

ಹೆಸರಿನ ಆಕ್ಷೇಪವನ್ನು ಬೇಗ ಮುಗಿಸೋಣ. ಗಿಟಾರಿನ ತಲೆಯ ಮೇಲೆ ಕ್ಯಾಲಿಫೋರ್ನಿಯಾದ ಮನೆತನದ ಹೆಸರು, ಬೆನ್ನಿನಲ್ಲಿ ಸಣ್ಣಕ್ಷರದಲ್ಲಿ ಇಂಡೋನೇಷ್ಯಾ ಅಥವಾ ಚೀನಾ: ಇದು ವಂಚನೆಯಲ್ಲವೇ ಎನ್ನುತ್ತಾರೆ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ದಾವಣಗೆರೆ ಬೆಣ್ಣೆ ದೋಸೆ ಎಂಬ ಬೋರ್ಡು ನೇತುಹಾಕಿಕೊಂಡ ಹೋಟೆಲುಗಳಿವೆ. ಆ ಹಂಚು ದಾವಣಗೆರೆಯನ್ನು ಕಂಡಿಲ್ಲವೆಂದು ಯಾರೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿಲ್ಲ. ತಿಂದವರು ಬೆಣ್ಣೆಯ ಬಗ್ಗೆ ಜಗಳವಾಡುತ್ತಾರೆ, ಬೋರ್ಡಿನ ಬಗ್ಗೆ ಅಲ್ಲ. ಫೆಂಡರ್ ಕಂಪನಿ 1982ರಲ್ಲಿ ಸ್ಕ್ವೈರ್ ಎಂಬ ಅಗ್ಗದ ಶಾಖೆ ತೆರೆದದ್ದು ಜಪಾನಿನಲ್ಲಿ. 1980ರ ದಶಕದ ಕೊನೆಗೆ ಸ್ಕ್ವೈರ್‌ಗಳು ಭಾರತದಲ್ಲೂ ತಯಾರಾದವು. ಆಗ ಅಗ್ಗಕ್ಕೆ ಮಾರಿದ ಮೊದಲ ಜಪಾನೀ ಸ್ಕ್ವೈರ್‌ಗಳನ್ನು ಇಂದು ಸಂಗ್ರಾಹಕರು ಮೇಲೆ ಬಿದ್ದು ಕೊಳ್ಳುತ್ತಾರೆ. ಊರಿನ ಹೆಸರು ಗುಣಕ್ಕೆ ಪ್ರಮಾಣವಾಗದು, ಬೆಲೆಗೆ ಮಾತ್ರ ಪ್ರಮಾಣ.

ಹಾಗಾದರೆ ಅಗ್ಗದ ಗಿಟಾರಿನಲ್ಲಿ ಕೊರತೆಯೇ ಇಲ್ಲವೇ? ಇದೆ, ಮತ್ತು ಈ ಪ್ರಬಂಧದ ಜೀವಾಳವೇ ಆ ಕೊರತೆ. ಫ್ರೆಟ್ಟುಗಳ ಸ್ಥಾನವನ್ನು ತೆಗೆದುಕೊಳ್ಳಿ. 648 ಮಿ.ಮೀ. ಉದ್ದದ ತಂತಿಗೆ ಮೊದಲ ಫ್ರೆಟ್ಟು 36.4 ಮಿ.ಮೀ.ನಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324 ಮಿ.ಮೀ.ನಲ್ಲಿ ಕೂರಬೇಕು. ಇಂದು ಇದನ್ನು ಕೊರೆಯುವುದು ಕಂಪ್ಯೂಟರ್ ಹೇಳಿದಂತೆ ಕೇಳುವ ಸಿಎನ್‌ಸಿ ಯಂತ್ರ. ಗಿಟಾರಿನ ಬೆಲೆ ಎಂಟು ಸಾವಿರವೋ ಎರಡು ಲಕ್ಷವೋ ಯಂತ್ರಕ್ಕೆ ಗೊತ್ತಿಲ್ಲದ್ದರಿಂದ ಅದು ಎರಡಕ್ಕೂ ಸಮನಾಗಿ ಕೊರೆಯುತ್ತದೆ. ಯಂತ್ರದ ಕೆಲಸ ಹೀಗೆ ಸರಿಯಾಗಿಯೇ ಆಗಿರುತ್ತದೆ. ಕೈಯ ಕೆಲಸ ಆಗಿರುವುದಿಲ್ಲ. ಬಿಸಿ ತೇವದ ಇಂಡೋನೇಷ್ಯಾದಲ್ಲಿ ತಯಾರಾದ ಕತ್ತು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಬಂದಾಗ ಮರ ಅಡ್ಡಕ್ಕೆ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ ಫ್ರೆಟ್ಟುಗಳ ತುದಿಗಳು ಎರಡೂ ಅಂಚಿನಲ್ಲಿ ಹಲ್ಲುಕಿರಿದು ನಿಲ್ಲುತ್ತವೆ. ಕತ್ತಿನುದ್ದಕ್ಕೂ ಕೈ ಜಾರಿಸಿದರೆ ತೋರುಬೆರಳ ಬುಡದಲ್ಲಿ ಬಿಳಿ ಗೀರು ಮೂಡುತ್ತದೆ. ಎರಡನೇ ಸಲಕ್ಕೆ ಅದು ಕೆಂಪು. ತಂತಿಗಳು ಕತ್ತಿನ ತುದಿಯಲ್ಲಿ ಕೂರುವ ಪ್ಲಾಸ್ಟಿಕ್ ಪಟ್ಟಿಯನ್ನು ಗಿಟಾರಿನವರು ನಟ್ ಎನ್ನುತ್ತಾರೆ (ಇದು ಬೋಲ್ಟಿನ ಸಂಗಾತಿಯಲ್ಲ ಎಂದು ಹರಿಹರದ ಓದುಗರಿಗೆ ತಿಳಿಸತಕ್ಕದ್ದು). ಅದರ ಕಚ್ಚು ಸಾಕಷ್ಟು ಆಳವಿಲ್ಲದೆ ತಂತಿ ಮೇಲೆಯೇ ಉಳಿದಿರುತ್ತದೆ, ಒತ್ತಿದಾಗ ಶ್ರುತಿ ಏರುತ್ತದೆ. ಕತ್ತು ಬಾಗಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಗಿಟಾರು ಕಲಿಯುವ ಹುಡುಗರ ಮುಖಕ್ಕೆ ಎಸೆಯುವ ಹಿರಿಯರು ಗಮನಿಸಬೇಕು: ಇಲ್ಲಿ ನೆಲ ನಿಜಕ್ಕೂ ಡೊಂಕಾಗಿದೆ, ಅಳತೆಗೆ ಸಿಗುವಷ್ಟು.

ಅಳತೆ ಎಂದ ಕೂಡಲೇ ಹರಿಹರ ನೆನಪಾಗಬೇಕು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ 1941ರಲ್ಲಿ ಶುರುವಾಗಿ ದಶಕಗಳ ಕಾಲ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಕೊಟ್ಟಿತು. ಅದರ ಟರ್ನ್‌ಮಾಸ್ಟರ್ ಲೇತಿನ ಮೇಲೆ ಕೆಲಸ ಕಲಿತ ಐಟಿಐ ಹುಡುಗರ ಲೆಕ್ಕ ಇಟ್ಟವರಿಲ್ಲ. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಆದರೆ ಮಿಲಿಮೀಟರಿನ ನೂರನೇ ಭಾಗವನ್ನು ಬೆರಳಲ್ಲಿ ಮುಟ್ಟಿ ಹೇಳುವ ಅಭ್ಯಾಸ ಬೀಗಮುದ್ರೆಗೆ ಸಿಗುವ ಚರಾಸ್ತಿಯಲ್ಲ. ಗಿಟಾರಿನ ಕತ್ತಿನಲ್ಲಿ ಇರಬೇಕಾದ ಬಾಗು ಸುಮಾರು 0.25 ಮಿ.ಮೀ. ಅದನ್ನು ನೋಡಲು ಬೇಕಾದದ್ದು ಟ್ಯಾಪೆಟ್ ಸೆಟ್ಟಿಂಗಿಗೆ ಬಳಸುವ ಅದೇ ಫೀಲರ್ ಗೇಜು; ತಿದ್ದಲು ಬೇಕಾದದ್ದು ಒಂದು ಅಲೆನ್ ಕೀ, ಕಾಲು ಸುತ್ತು. ಫ್ರೆಟ್ಟಿನ ತುದಿಗೆ ಸಣ್ಣ ಹಲ್ಲಿನ ಅರ, ಮರ ಗೀರದಂತೆ ಒಂದು ಟೇಪು. ನಟ್ಟಿನ ಕಚ್ಚನ್ನು ಆಳ ಮಾಡಲು ಸಪೂರ ಅರ, ತಂತಿ ಸಿಕ್ಕಿಕೊಳ್ಳದಂತೆ ಪೆನ್ಸಿಲ್ ಸೀಸ. ಹನ್ನೆರಡನೇ ಫ್ರೆಟ್ಟಿನ ಮೇಲೆ 3 ಮಿ.ಮೀ. ಎತ್ತರದಲ್ಲಿ ನಿಂತಿದ್ದ ತಂತಿ ಒಂದು ಸಂಜೆಯಲ್ಲಿ 2 ಮಿ.ಮೀ.ಗೆ ಇಳಿಯುತ್ತದೆ. ಇದೇ ಸಂಜೆಯ ಕೆಲಸಕ್ಕೆ ಅಮೆರಿಕದ ಕಾರ್ಖಾನೆ ಅಲ್ಲಿಯ ಕೂಲಿ ದರದಲ್ಲಿ ಲೆಕ್ಕ ಹಾಕುತ್ತದೆ. ಬೆಲೆಯ ಅಂತರದಲ್ಲಿ ಮರಕ್ಕಿಂತ ದೊಡ್ಡ ಪಾಲು ಈ ಕೂಲಿಯದು.

ಇಲ್ಲಿಂದ ಪ್ರಬಂಧ ಅಧ್ಯಾತ್ಮಕ್ಕೆ ಏರುತ್ತದೆ. ಅಗ್ಗದ ಗಿಟಾರಿನ ಮೇಲಿರುವ ಅತಿ ದೊಡ್ಡ ದೂರು ಗುಂಯ್ ಎಂಬ ಸದ್ದು. ಗೋಡೆಯೊಳಗಿನ ವೈರಿನಲ್ಲಿ ಸೆಕೆಂಡಿಗೆ 50 ಸಲ ಹೋಗಿ ಬರುವ ಕರೆಂಟು ಗಿಟಾರಿನ ಸುರುಳಿಗೂ ಬಂದು ಸೇರುತ್ತದೆ. ಸುರುಳಿಗೆ ತಂತಿ ಯಾವುದು, ಬೆಸ್ಕಾಂ ಯಾವುದು ಎಂಬ ವಿವೇಕವಿಲ್ಲ. ಇದಕ್ಕೆ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಹಂಬಕರ್ ಎಂಬುದರ ಪೇಟೆಂಟಿಗೆ ಅರ್ಜಿ ಹಾಕಿದ. ಉಪಾಯವೇನೆಂದರೆ ಒಂದರ ಬದಲು ಎರಡು ಸುರುಳಿ. ಎರಡನೆಯದರ ಸುತ್ತೂ ತಿರುವುಮುರುವು, ಅಯಸ್ಕಾಂತವೂ ತಿರುವುಮುರುವು. ತಂತಿಯ ದನಿ ಎರಡರಲ್ಲೂ ಕೂಡಿಕೊಳ್ಳುತ್ತದೆ. ಹೊರಗಿನ ಗುಂಯ್‌ಗೆ ಅಯಸ್ಕಾಂತದ ಸಂಬಂಧವಿಲ್ಲದ್ದರಿಂದ ಅದು ಒಂದರಲ್ಲಿ ಏರಿದಷ್ಟೇ ಇನ್ನೊಂದರಲ್ಲಿ ಇಳಿದು ಸತ್ತುಹೋಗುತ್ತದೆ. ಪಾಶ್ಚಾತ್ಯರು ಇದನ್ನು ಆವಿಷ್ಕಾರವೆಂದರು. ಹರಿಹರದ ಸ್ಥಳಪುರಾಣ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತು. ಇಬ್ಬರೂ ಒಂದೇ ದೇಹದ ಎರಡು ಅರ್ಧಗಳಾಗಿ ಬಂದು ಅವನನ್ನು ಮುಗಿಸಿದರು. ಬಲಕ್ಕೆ ಶಿವ, ಎಡಕ್ಕೆ ವಿಷ್ಣು, ಅಕ್ಕಪಕ್ಕ ಎರಡು ವಿರುದ್ಧ ಧ್ರುವ, ನಡುವೆ ಸಂಹಾರ. ಪೋಲಾಳ್ವ ದಂಡನಾಥ 1224ರಲ್ಲಿ ತುಂಗಭದ್ರೆಯ ದಡದಲ್ಲಿ ದೇವಾಲಯ ಕಟ್ಟಿಸಿದ್ದು ಈ ತತ್ವಕ್ಕೇ ಎಂಬುದು ಪ್ರಸ್ತುತ ಲೇಖಕರ ಮತ. ಪೇಟೆಂಟ್ ಕಚೇರಿ ಇದನ್ನು ಪೂರ್ವಕೃತಿಯೆಂದು ಪರಿಗಣಿಸದೆ ಇದ್ದದ್ದು ಪ್ರವಾಸದ ಅಭಾವದಿಂದ.

ಒಂದೇ ಸುರುಳಿಯ ಅಗ್ಗದ ಗಿಟಾರು ಕೊಂಡವರೂ ಎದೆಗುಂದಬೇಕಿಲ್ಲ. ಗುಹಾಸುರನನ್ನು ಕೊಲ್ಲಲಾಗದಿದ್ದರೆ ಹಾಡಿಸಬಹುದು. 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಎಂದರೆ ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಐದರ ನೆರೆಮನೆ, ಕೂದಲೆಳೆ ಮೇಲೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲಕ್ಕೆ ಕೂಡಿಕೊಂಡ ಮೇಲೆ ದಾವಣಗೆರೆಯ ಗುಂಯ್ ಮತ್ತು ದಿಲ್ಲಿಯ ಗುಂಯ್ ಒಂದೇ ಶ್ರುತಿಯಲ್ಲಿವೆ. ಇಷ್ಟು ವಿಶಾಲವಾದ ತಂಬೂರಿ ಸಂಗೀತದ ಇತಿಹಾಸದಲ್ಲಿ ಇನ್ನೊಂದಿಲ್ಲ. ಸುರುಳಿಯೇ ಸತ್ತಿದ್ದರೆ ಅದಕ್ಕೂ ಭದ್ರಾ ಕಾಲುವೆ ಬಯಲಿನಲ್ಲಿ ಪರಿಹಾರವಿದೆ: ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗಳು. ಗಿಟಾರಿನ ಸುರುಳಿಗೆ ಕೂದಲಷ್ಟು ತೆಳುವಾದ ತಾಮ್ರದ ತಂತಿ ಎಂಟು ಸಾವಿರದ ಆಸುಪಾಸಿನ ಸುತ್ತು ಬೇಕು. ಐದು ಎಚ್‌ಪಿ ಮೋಟಾರು ಸುತ್ತುವ ಕೈಗೆ ತಾಳ್ಮೆ ಇನ್ನೊಂದಿಷ್ಟು ಬೇಕಾದೀತು, ವಿದ್ಯೆ ಬೇರೆಯದೇನಲ್ಲ.

ಉಳಿದ ಆಕ್ಷೇಪಗಳಲ್ಲಿ ಒಂದು ಮಾತ್ರ ತೂಕದ್ದು: ಕೆಟ್ಟ ಗಿಟಾರಿನಿಂದ ಹುಡುಗ ಕಲಿಕೆಯನ್ನೇ ಬಿಟ್ಟುಬಿಡುತ್ತಾನೆ. ನಿಜ, ರಿಪೇರಿ ಮಾಡಿಸದಿದ್ದರೆ ಬಿಡುತ್ತಾನೆ. ಆದರೆ ಎರಡು ಲಕ್ಷದ ಗಿಟಾರು ಕೊಂಡವನೂ ಬಿಡುತ್ತಾನೆ; ಅವನು ಬಿಟ್ಟದ್ದನ್ನು ಹೇಳಿಕೊಳ್ಳಲಾರ, ಅಷ್ಟೇ ವ್ಯತ್ಯಾಸ. ಇಂಥ ವಾದ್ಯಕ್ಕೆ ಶಾಸ್ತ್ರದ ಒಪ್ಪಿಗೆಯಿಲ್ಲ ಎನ್ನುವವರಿಗೆ ಹಾರ್ಮೋನಿಯಂ ಸಾಕು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು 1971ರವರೆಗೆ ಬಾಗಿಲು ತೆರೆಯಲಿಲ್ಲ. ಅಷ್ಟೂ ವರ್ಷ ದಾವಣಗೆರೆಯಲ್ಲಿ ಕ್ಯಾಂಪು ಹಾಕಿದ ನಾಟಕ ಕಂಪನಿಗಳಲ್ಲಿ ಕಾಲ್ಪೆಟ್ಟಿಗೆ ಹಾರ್ಮೋನಿಯಂ ಒತ್ತದೆ ಪರದೆ ಏಳಲಿಲ್ಲ. ಕೊನೆಗೆ, ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನ ಗುಂಡಿ ಒತ್ತಿದರೆ ಗಿಟಾರಿನ ಸದ್ದೂ ಬರುತ್ತದಲ್ಲ, ಗಿಟಾರೇ ಏಕೆ ಎಂಬ ಪ್ರಶ್ನೆ. ಕೀಬೋರ್ಡಿನಲ್ಲಿ ಫೀಲರ್ ಗೇಜು ತೂರಿಸುವ ಸಂದಿಯಿಲ್ಲ, ಅರ ಆಡಿಸುವ ಅಂಚಿಲ್ಲ, ಅಲೆನ್ ಕೀಗೆ ಕಾಲು ಸುತ್ತಿನ ಅವಕಾಶವಿಲ್ಲ. ಬಾಕಿ ಕೆಲಸವೇ ಇಲ್ಲದ ವಸ್ತುವಿನ ಮೌಲ್ಯವನ್ನು ಈ ಪ್ರಬಂಧದ ಮಾನದಂಡದಿಂದ ನಿರ್ಣಯಿಸಲು ಬರುವುದಿಲ್ಲವಾದ್ದರಿಂದ ಅದನ್ನು ವಿಷಯವ್ಯಾಪ್ತಿಯಿಂದ ಕೈಬಿಡಲಾಗಿದೆ.