ಎಣ್ಣೆ ರಾಯರು

ಶಿಕಾಗೋ ಸುತ್ತಲಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಇರಲಿ, ಡೆಟ್ರಾಯಿಟ್ ಮಗ್ಗುಲಿನ ಟ್ರಾಯ್, ನೋವೈ, ಕ್ಯಾಂಟನ್ ಇರಲಿ, ಹತ್ತು ಕನ್ನಡ ಮನೆಗಳಿದ್ದ ಕಡೆ ಒಬ್ಬ ಎಣ್ಣೆ ರಾಯರು ಇದ್ದೇ ಇರುತ್ತಾರೆ. ವಿದ್ಯಾರಣ್ಯ ಕನ್ನಡ ಕೂಟದ ಪಿಕ್‌ನಿಕ್ಕಿಗಾಗಲಿ ಪಂಪ ಕನ್ನಡ ಕೂಟದ ಪಿಕ್‌ನಿಕ್ಕಿಗಾಗಲಿ ಹೋದವರು ಅವರನ್ನು ಹುಡುಕುವ ಶ್ರಮ ಪಡಬೇಕಿಲ್ಲ. ಬಿಸಿಬೇಳೆಬಾತಿನ ಘಮವನ್ನೂ ಹಿಂದಿಕ್ಕಿ ಲವಂಗ, ಪುದೀನ, ಮಜ್ಜಿಗೆಹುಲ್ಲಿನ ವಾಸನೆ ಎತ್ತಣಿಂದ ಬರುತ್ತದೋ ಅತ್ತ ನಡೆದರಾಯಿತು. ಕೈಯಲ್ಲಿ ನೀಲಿ ಗಾಜಿನ ಸ್ಪ್ರೇ ಬಾಟಲಿ, ಬಾಯಲ್ಲಿ “ಒಂದು ಚೂರೂ ಕೆಮಿಕಲ್ ಇಲ್ಲ” ಎಂಬ ಮಂತ್ರ. ಯಾರ ಮಗು ಸಿಕ್ಕರೂ ಮೊಣಕಾಲಿನ ಕೆಳಕ್ಕೆ ಎರಡು ಸಲ ಪುಸ್ ಅನ್ನಿಸದೆ ಬಿಡುವವರಲ್ಲ. ಹಾಗೆಂದು ಇವರನ್ನು ದಡ್ಡರೆಂದುಕೊಂಡರೆ ತಪ್ಪು. ರಾಯರಲ್ಲಿ ಬಹುಪಾಲು ಇಂಜಿನಿಯರುಗಳು. ಡೆಟ್ರಾಯಿಟ್ ಕಡೆಯವರು ಕಾರಿನ ಬ್ರೇಕು ಸಾವಿರ ಸಲ ಪರೀಕ್ಷೆಯಾಗದೆ ಸಹಿ ಹಾಕದ ಪೈಕಿ. ಶಿಕಾಗೋ ಕಡೆಯವರು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಬೇರೆಯವರ ತಪ್ಪು ಹುಡುಕಿಯೇ ಸಂಬಳ ಎಣಿಸುವವರು. ನನ್ನ ತಕರಾರು ಇಷ್ಟೇ: ಆಫೀಸಿನಲ್ಲಿ ಇಷ್ಟೊಂದು ಅನುಮಾನದ ಪ್ರಾಣಿಗಳಾದ ಇವರು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಪರೀಕ್ಷೆಯ ಗೊಡವೆ ಬಿಟ್ಟು ಮೂಗನ್ನು ನಂಬುತ್ತಾರೆ. ತಮ್ಮ ಮೂಗಿಗೆ ಘಾಟಾದದ್ದು ಸೊಳ್ಳೆಗೂ ಘಾಟೇ ಎಂಬ ಒಂದೇ ನಂಬಿಕೆಯ ಮೇಲೆ ಇಡೀ ಔಷಧ ನಿಂತಿದೆ.

ತಯಾರಿಯನ್ನೇ ನೋಡಿ. ಎಂಟು ಔನ್ಸಿನ, ಅಂದರೆ ಸುಮಾರು 240 ಮಿಲಿಲೀಟರಿನ ಬಾಟಲಿಗೆ ಅರ್ಧ ನೀರು, ಅರ್ಧ ವಿಚ್ ಹೇಜಲ್. ಅದು ಸಿಗದಿದ್ದರೆ ವೋಡ್ಕಾ. ಏಕಾದಶಿ ತಪ್ಪಿಸದ ರಾಯರು ಡೆವಾನ್ ಅವೆನ್ಯೂದಲ್ಲಿ ಬೆಂಡೆಕಾಯಿ, ಕರಿಬೇವು ಮುಗಿಸಿಕೊಂಡು ಮದ್ಯದಂಗಡಿಯ ಕೌಂಟರಿನಲ್ಲಿ ನಿಂತು, ಕೇಳದವರಿಗೂ “ಇದು ಸೊಳ್ಳೆಗೆ” ಎಂದು ಸಮಜಾಯಿಷಿ ಕೊಡುವುದು ನೋಡುವಂಥ ದೃಶ್ಯ. ಆಮೇಲೆ ಮಜ್ಜಿಗೆಹುಲ್ಲಿನ ಎಣ್ಣೆ ಹತ್ತು ಹನಿ, ಲವಂಗದ್ದು ಹತ್ತು, ಪುದೀನದ್ದು ಹತ್ತು. ಎಣಿಕೆಯಲ್ಲಿ ಭಾರಿ ನಿಷ್ಠೆ. ಹನ್ನೊಂದನೆಯದು ಬಿದ್ದರೆ ಮುಖ ಸಣ್ಣಗಾಗುತ್ತದೆ. ಆದರೆ ಇಪ್ಪತ್ತು ಹನಿಗೆ ಹತ್ತಿರಹತ್ತಿರ ಒಂದು ಮಿಲಿಲೀಟರ್ ಎಂದು ಹಿಡಿದರೆ, ಮೂವತ್ತು ಹನಿ ಸೇರಿ ಒಂದೂವರೆ. ಬಾಟಲಿಯಲ್ಲಿ ಎಣ್ಣೆಯ ಪಾಲು ಶೇ. 1 ಕೂಡ ಆಗಲಿಲ್ಲ. ಅಂಗಡಿಯಲ್ಲಿ ಸಿಗುವ, ಗಿಡದಿಂದಲೇ ಬಂದ ಲೆಮನ್ ಯೂಕಲಿಪ್ಟಸ್ ಸ್ಪ್ರೇಗಳಲ್ಲಿ ಮುಖ್ಯ ವಸ್ತು ಸಾಮಾನ್ಯವಾಗಿ ಶೇ. 30 ಇರುತ್ತದೆ. ಇರುವ ಚೂರು ಎಣ್ಣೆಯಾದರೂ ನೀರಿನೊಂದಿಗೆ ಸೇರುತ್ತದೆಯೇ? ಅದು ಮೇಲೆ ತೇಲುತ್ತದೆ, ಸ್ಪ್ರೇಯ ಕೊಳವೆ ತಳದಿಂದ ಹೀರುತ್ತದೆ. ಕುಲುಕುವುದು ಮರೆತ ದಿನ ಮೊದಲು ಸಿಕ್ಕ ಮಕ್ಕಳ ಕಾಲಿಗೆ ಬರೀ ನೀರು. ಬಾಟಲಿ ಮುಗಿಯುವಾಗ ಸಿಕ್ಕವನ ಕಾಲಿಗೆ ಎಲ್ಲರ ಪಾಲಿನ ಲವಂಗ.

ಎಣ್ಣೆಗಳಿಗೆ ಗುಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಜ್ಜಿಗೆಹುಲ್ಲು, ಸಿಟ್ರೊನೆಲ್ಲಾ, ಲವಂಗ ಇವೆಲ್ಲ ಸೊಳ್ಳೆಯನ್ನು ದೂರ ಇಡುವುದು ನಿಜ. ಎಷ್ಟು ಹೊತ್ತು ಎಂಬುದರಲ್ಲಿದೆ ತೊಡಕು. ವಾಸನೆ ಬರುತ್ತಿದೆ ಎಂದರೆ ವಸ್ತು ಗಾಳಿಗೆ ಹಾರಿಹೋಗುತ್ತಿದೆ ಎಂದೇ ಅರ್ಥ. ಘಮ ಜೋರಾದಷ್ಟೂ ಚರ್ಮದ ಮೇಲೆ ಉಳಿಯುವುದು ಕಡಿಮೆ. 2002ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಒಂದು ಪರೀಕ್ಷೆಯಲ್ಲಿ ಜನ ಸೊಳ್ಳೆ ತುಂಬಿದ ಪಂಜರದೊಳಗೆ ಕೈ ಇಟ್ಟು ಮೊದಲ ಕಡಿತದವರೆಗೆ ಗಡಿಯಾರ ನೋಡಿದರು. ಡೀಟ್ ಎಂಬ ರಾಸಾಯನಿಕ ಸೊಳ್ಳೆನಿವಾರಕ ಶೇ. 24ರ ಆಸುಪಾಸಿನಲ್ಲಿದ್ದಾಗ ಸುಮಾರು ಐದು ಗಂಟೆ ಕಾಯಿತು. ಸಿಟ್ರೊನೆಲ್ಲಾದ ಸ್ಪ್ರೇಗಳು ಇಪ್ಪತ್ತು ನಿಮಿಷ ದಾಟಲಿಲ್ಲ. ವಾಸನೆಯ ಕೈಪಟ್ಟಿಗಳು ಏನೂ ಮಾಡಲಿಲ್ಲ. ತಮಾಷೆಯೆಂದರೆ ಅದೇ ಪರೀಕ್ಷೆಯಲ್ಲಿ ಒಂದೂವರೆ ಗಂಟೆ ತಡೆದ ಗಿಡಮೂಲದ ಸರಕೂ ಒಂದಿತ್ತು, ಅದರ ಮುಖ್ಯ ವಸ್ತು ಸೋಯಾ ಎಣ್ಣೆ. ಪೂರಿ ಕರಿಯುವ ಎಣ್ಣೆಗೆ ಆ ಯೋಗ್ಯತೆ ಇರಬಹುದೆಂದು ರಾಯರ ಮೂಗು ಎಂದೂ ಒಪ್ಪಲಾರದು.

“ಲೆಮನ್ ಯೂಕಲಿಪ್ಟಸ್ ಕೆಲಸ ಮಾಡುತ್ತದೆಂದು ಸರ್ಕಾರವೇ ಹೇಳುತ್ತದಲ್ಲ, ನಮ್ಮ ನೀಲಗಿರಿ ಎಣ್ಣೆ ಮತ್ತೇನು?” ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಊಟಿಯಿಂದ ನೆಗಡಿಗೆಂದು ಬರುವ ಸೀಸೆ ಬೇರೆ ಮರದ್ದು. ಸೊಳ್ಳೆಗೆ ಆಗಿಬರುವುದು ನಿಂಬೆವಾಸನೆಯ ಇನ್ನೊಂದು ಜಾತಿ, ಅದರಲ್ಲೂ ಅದರ ಹಸಿ ಎಣ್ಣೆಯಲ್ಲ, ಸಂಸ್ಕರಿಸಿ ಪಿ.ಎಂ.ಡಿ. ಎಂಬ ಅಂಶವನ್ನು ಹೆಚ್ಚಿಸಿದ ಸರಕು. ಚೀನಾದಲ್ಲಿ ಇದು ಮೊದಲು ಸಿಕ್ಕಿದ್ದೇ ಎಣ್ಣೆ ಬಟ್ಟಿಯಿಳಿಸಿದ ಮೇಲೆ ಉಳಿದ ಗಸಿಯಲ್ಲಿ. ಘಮವೆಲ್ಲ ಸೀಸೆಗೆ ಹೋಯಿತು, ಗುಣ ಪಾತ್ರೆಯ ತಳದಲ್ಲಿ ಕೂತಿತ್ತು.

ಎರಡನೆಯ ಆಕ್ಷೇಪಕ್ಕೆ ಅಜ್ಜಿಯನ್ನು ಕರೆತರುತ್ತಾರೆ. ಅಜ್ಜಿ ಡೀಟ್ ಬಳಸಿದ್ದಳೇ? ಇಲ್ಲ. ಅಜ್ಜಿ ಹನಿಯನ್ನೂ ಎಣಿಸಲಿಲ್ಲ. ಕೊಟ್ಟಿಗೆಯಲ್ಲಿ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಕಿ ಹೊಗೆಯೆಬ್ಬಿಸಿ, ಸೊಳ್ಳೆಯ ಜೊತೆ ದನಕ್ಕೂ ತನಗೂ ಕೆಮ್ಮು ಬರುವಷ್ಟು ಪ್ರಮಾಣದಲ್ಲಿ ಕೆಲಸ ಮಾಡಿದಳು. ನೇಪರ್‌ವಿಲ್‌ನ ಟೌನ್‌ಹೌಸಿನಲ್ಲಿ ಆ ಹೊಗೆ ಹಾಕಿದರೆ ಮೊದಲು ಬರುವುದು ಅಗ್ನಿಶಾಮಕದವರು. ಅಷ್ಟು ಹೊಗೆ ಹಾಕಿಯೂ ನಮ್ಮ ಮಲೆನಾಡು ಮಲೇರಿಯಾದಿಂದ ಪಾರಾಗಲಿಲ್ಲ ಎಂಬುದನ್ನು ರಾಯರು ಹೇಳುವುದಿಲ್ಲ. ಅಲ್ಲಿ ಅದು ಇಳಿಮುಖವಾದದ್ದು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದ ಮೇಲೆ. ಡಿ.ಡಿ.ಟಿ. ಆಮೇಲೆ ಮಾಡಿದ ಅನಾಹುತ ಬೇರೆ ಕಥೆ. ಅದನ್ನು ತೋರಿಸಿ ಡೀಟನ್ನು ಹಳಿಯುವವರು ಹೆಸರಿನ ಹೋಲಿಕೆಗೆ ಮೋಸಹೋದವರು. ಎರಡಕ್ಕೂ ಸಂಬಂಧವಿಲ್ಲ. ಡೀಟನ್ನು ಅಮೆರಿಕದ ಸೇನೆ 1946ರಲ್ಲಿ ತಂದಿತು, 1957ರಿಂದ ಜನ ಬಳಸುತ್ತಿದ್ದಾರೆ. ಇಲ್ಲಿನ ಮಕ್ಕಳ ವೈದ್ಯರ ಸಂಘ ಎರಡು ತಿಂಗಳು ತುಂಬಿದ ಕೂಸಿಗೂ ಹದವಾಗಿ ಹಚ್ಚಬಹುದೆನ್ನುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು ಚೀಟಿ ಅಂಟಿರುವುದು ಗಿಡಮೂಲದ ಆ ಲೆಮನ್ ಯೂಕಲಿಪ್ಟಸ್ಸಿಗೆ. ಲವಂಗದ ಎಣ್ಣೆ ಹಸಿಯಾಗಿ ತಗುಲಿದರೆ ಚರ್ಮ ಉರಿಯುತ್ತದೆ. ನಿಂಬೆ ಸಿಪ್ಪೆಯ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಟೀ ಟ್ರೀ ಎಣ್ಣೆ ಮನೆಯ ಬೆಕ್ಕಿಗೆ ವಿಷ. ಲವಂಗದ ಯೂಜಿನಾಲ್ ಕೂಡ ಕೆಮಿಕಲ್ಲೇ ಎಂದರೆ ರಾಯರು ನೊಂದುಕೊಳ್ಳುತ್ತಾರೆ, ಆದ್ದರಿಂದ ಮನೆಯಾಕೆ ಹೇಳುವುದಿಲ್ಲ. “ರೀ, ಅದನ್ನ ಸ್ವಲ್ಪ ಹೊರಗಡೆ ಇಟ್ಟು ಬನ್ನಿ, ತಲೆನೋವು” ಎಂದಷ್ಟೇ ಅನ್ನುತ್ತಾರೆ.

ಕೊನೆಯ ವಾದವೇ ಗಟ್ಟಿಯಾದದ್ದು: ವರ್ಷಗಟ್ಟಲೆ ಇದನ್ನೇ ಹಚ್ಚುತ್ತಿದ್ದೇವೆ, ನಮಗೇನಾಗಿದೆ? ಇದಕ್ಕೆ ಉತ್ತರ ಬೇಕಾದರೆ ಊರಿನ ಸೊಳ್ಳೆಯನ್ನು ತಿಳಿಯಬೇಕು. 2002ರಲ್ಲಿ ಸೊಳ್ಳೆ ಹರಡುವ ವೆಸ್ಟ್ ನೈಲ್ ಜ್ವರ ಇಲಿನಾಯ್‌ನಲ್ಲಿ 884 ಜನರಿಗೆ, ಮಿಷಿಗನ್‌ನಲ್ಲಿ 614 ಜನರಿಗೆ ಬಂತು; ದೇಶದಲ್ಲೇ ಮೊದಲೆರಡು ಸ್ಥಾನ ಈ ನೆರೆರಾಜ್ಯಗಳದ್ದು. ಶಿಕಾಗೋ, ಡೆಟ್ರಾಯಿಟ್ ಎರಡನ್ನೂ ಜೊತೆಗಿಟ್ಟು ನೋಡಿದ ಸಂಶೋಧಕರಿಗೆ ರೋಗಿಗಳು ಹೆಚ್ಚಾಗಿ ಸಿಕ್ಕಿದ್ದು ನಗರಕ್ಕೆ ಅಂಟಿದ, 1940–50ರ ದಶಕಗಳ ಮನೆಗಳಿರುವ ಹಳೆಯ ಉಪನಗರಗಳಲ್ಲಿ. ರಾಯರ ಎರಡು ಗ್ಯಾರೇಜಿನ ಹೊಸ ಮನೆ ಬಹುಪಾಲು ಅವುಗಳಾಚೆ ಇದೆ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಸೊಳ್ಳೆ ನಿಯಂತ್ರಣಕ್ಕೆಂದೇ ನಾಲ್ಕು ಜಿಲ್ಲೆಗಳಿದ್ದು, ಅವುಗಳ ಜನ ಬೇಸಿಗೆಯಲ್ಲಿ ರಸ್ತೆಬದಿಯ ಮಳೆನೀರಿನ ಗುಂಡಿಗಳಿಗೆ ಮರಿಸೊಳ್ಳೆಯ ಮದ್ದು ಹಾಕುತ್ತಾರೆ. ಅದಕ್ಕೂ ಮಿಗಿಲಾಗಿ, ವೈರಸ್ ಹೊಕ್ಕವರಲ್ಲಿ ಶೇ. 80ರಷ್ಟು ಮಂದಿಗೆ ಏನೂ ಆದದ್ದೇ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಕಾರಣಗಳ ಕೂಲಿಯನ್ನು ಮೂವತ್ತು ಹನಿಗಳೇ ಎಣಿಸಿಕೊಳ್ಳುತ್ತಿವೆ. ಮಳೆ ಬಂದ ವಾರದ ಮೇಲೆ ಗುಂಪಾಗಿ ಮುತ್ತಿ ಪಿಕ್‌ನಿಕ್ ಹಾಳುಮಾಡುವ ಸೊಳ್ಳೆಯೂ ಈ ರೋಗದ ಮುಖ್ಯ ಸೊಳ್ಳೆಯಲ್ಲ. ರೋಗದ ಸೊಳ್ಳೆ ಒಣಬೇಸಿಗೆಯಲ್ಲಿ ಗುಂಡಿಯ ಕೊಳೆನೀರಿನಲ್ಲಿ ಹುಟ್ಟಿ ಮುಸ್ಸಂಜೆ ಸದ್ದಿಲ್ಲದೆ ಬರುವ ಕ್ಯೂಲೆಕ್ಸ್.

ಕೆಮಿಕಲ್ ಖಂಡಿತ ಬೇಡ ಎನ್ನುವ ರಾಯರಿಗೆ ದಾರಿ ಇಲ್ಲದಿಲ್ಲ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು 2003ರಲ್ಲಿ ತೋರಿಸಿದಂತೆ, ಗಾಳಿ ಬೀಸಿದರೆ ನಮ್ಮ ಉಸಿರಿನ ಸುಳಿವು ಚದುರಿ ಸೊಳ್ಳೆಗೆ ನಾವು ಸಿಗುವುದೇ ಕಷ್ಟ. ಒಂದು ಮಾಮೂಲಿ ಟೇಬಲ್ ಫ್ಯಾನ್ ಸಾಕು. ವಾಸನೆಯೂ ಇಲ್ಲ, ವೋಡ್ಕಾದ ಸಂಕೋಚವೂ ಇಲ್ಲ. ಈಚೆಗೆ ಕೆಲವು ರಾಯರು ಪಿಕ್‌ನಿಕ್ಕಿಗೆ ಬ್ಯಾಟರಿ ಫ್ಯಾನ್ ತರುವುದುಂಟು. ಅದರ ಮುಂದೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯೊಂದನ್ನು ಕಟ್ಟಿರುತ್ತಾರೆ, ಸಂಜೆಯವರೆಗೂ ಸೊಳ್ಳೆ ಹತ್ತಿರ ಸುಳಿಯದಿದ್ದಾಗ ಪಕ್ಕದವರಿಗೆ ಬಟ್ಟೆಯನ್ನು ತೋರಿಸುತ್ತಾರೆ.