ಸಿ.ಐ.ಡಿ. 999: ಜಗುಲಿಯ ವಿಚಾರಣೆ

ಆಸ್ತಿಯ ವ್ಯಾಜ್ಯವು ಮುನ್ಸೀಫರ ಮುಂದೆ ಎಂದಾದರೂ ತೀರೀತು. ಆದರೆ ದೊರೈ–ಭಗವಾನರ ಸಿ.ಐ.ಡಿ. 999 ಚಿತ್ರಗಳು ನಾಲ್ಕರಲ್ಲಿ ಉತ್ತಮವಾವುದು, ಅಧಮವಾವುದೆಂಬ ವಿವಾದವು ಕೊಯಮತ್ತೂರಿನ ಕನ್ನಡ ಮಾತಿನ ದೇವಾಂಗ ನೇಕಾರರ ಜಗುಲಿಯನ್ನೊಮ್ಮೆ ಏರಿತೆಂದರೆ, ಮಗ್ಗದ ಲಾಳಿ ನಿಂತೀತೇ ಹೊರತು ನಾಲಗೆಯ ಲಾಳಿ ನಿಲ್ಲದು. ನಾಯಕನಟರಾದ ರಾಜಕುಮಾರರ ಗಾಜನೂರು ಹಿಂದೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದುದರಿಂದ, ತೀರ್ಪು ನೀಡುವ ಅಧಿಕಾರವು ತಮ್ಮದೆಂಬುದು ಇಲ್ಲಿಯ ವೃದ್ಧರ ಅಚಲ ವಿಶ್ವಾಸ. ಬೆಂಗಳೂರಿನವರ ಸಮ್ಮತಿಗಾಗಿ ಅವರೇನೂ ಕಾದು ಕುಳಿತವರಲ್ಲ.

ನಿನ್ನೆಯವರೆಗೆ ಪೌರಾಣಿಕ ಕಿರೀಟ ಧರಿಸಿದ್ದ ಮಹಾನುಭಾವರು ಸೂಟು ತೊಟ್ಟು ಪಿಸ್ತೂಲು ಹಿಡಿದುದೇ ಪರಮಾಶ್ಚರ್ಯವಾದುದರಿಂದ, 1968ರ ‘ಜೇಡರ ಬಲೆ’ಗೇ ಅಗ್ರಪೂಜೆ ಸಲ್ಲತಕ್ಕದ್ದೆಂದು ಹಿರಿಯರ ಪಕ್ಷ. ನನ್ನ ಮತವೂ ಅತ್ತಲೇ.

“ಬಣ್ಣವೇ ಇಲ್ಲದ ಪತ್ತೇದಾರಿಕೆಯನ್ನು ಯಾರು ನೋಡುವರು ಮಾವ?” ಎಂದು, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನ ಪಕ್ಷಪಾತಿಯೊಬ್ಬನು ಕೆಣಕುವನು.

“ಗೂಢಚಾರನಿಗೆ ಬಣ್ಣವೇತಕ್ಕೆ ಅಳಿಯಂದಿರೇ? ಅವನು ಅಡಗಿರಬೇಕಾದವನಲ್ಲವೇ!”

‘ಗೋವಾದಲ್ಲಿ ಸಿ.ಐ.ಡಿ. 999’ ಜಗಳವಿಲ್ಲದೆ ಪಾರಾಗುತ್ತದೆ. 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಅಧಮಸ್ಥಾನಕ್ಕೆ ಇಳಿಯುವಷ್ಟರಲ್ಲಿ, ಮುಂದೆ ಹಿಂದೀ ಚಿತ್ರರಂಗವನ್ನಾಳಿದ ರೇಖಾ ನಾಯಕಿಯಾದುದು ಅದರಲ್ಲೇ ಎಂದು ಅತ್ತೆಯವರು ಒಳಗಿನಿಂದ ನುಡಿಯಲು, ಸಭೆಯೇ ಪಕ್ಷಾಂತರ ಹೊಂದುತ್ತದೆ; ಆ ಚಿತ್ರವನ್ನು ಪ್ರತ್ಯಕ್ಷ ಕಂಡವರೆಷ್ಟು ಮಂದಿಯೆಂದು ಮಾತ್ರ ಯಾರೂ ಕೇಳುವುದಿಲ್ಲ.