ಪೆಟ್ಟಿಗೆಗೂ ಉಸಿರು ಬೇಕು

1980ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯವರು ಲೋಕಕ್ಕೆ ದಯಪಾಲಿಸಿದ ಪ್ಯಾಕ್‌ಮನ್ ಎಂಬ ಹಳದಿ ಹೊಟ್ಟೆಬಾಕನನ್ನು ಸ್ವಗೃಹದಲ್ಲಿಯೇ ಪ್ರತಿಷ್ಠಾಪಿಸಲು ಸಂಕಲ್ಪಿಸಿ, ಪ್ಲೈವುಡ್ಡಿನಿಂದ ಆಳೆತ್ತರದ ಆಟದ ಪೆಟ್ಟಿಗೆಯನ್ನು ನಿರ್ಮಿಸಹೊರಡುವ ಗೃಹಸ್ಥನು ಬಣ್ಣ, ಗುಂಡಿ, ಜಾಯ್‌ಸ್ಟಿಕ್ಕುಗಳಲ್ಲಿ ತೋರುವ ಶ್ರದ್ಧೆಯ ಶತಾಂಶವನ್ನಾದರೂ ಗಾಳಿಯ ವಿಷಯದಲ್ಲಿ ತೋರುವುದು ಅಪರೂಪ. ಪರದೆ, ಪವರ್ ಸಪ್ಲೈ, ಧ್ವನಿವರ್ಧಕಗಳೆಲ್ಲ ಆ ಕತ್ತಲಕೋಣೆಯಲ್ಲಿ ಮೌನವಾಗಿ ಬೇಯುತ್ತಿರುತ್ತವೆ. ಆಟವನ್ನು ನಡೆಸುವ ಅಂಗೈಯಗಲದ ಗಣಕವಾದ ರಾಸ್ಪ್‌ಬೆರಿ ಪೈ 4 ಮಾತ್ರ ಸ್ವಾಭಿಮಾನಿ. ಮೈಯ ತಾಪ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತಾನಾಗಿಯೇ ವೇಗವನ್ನು ತಗ್ಗಿಸಿಬಿಡುತ್ತದೆ. ಕೊಂಚ ಭಾರಿಯಾದ ಕಾದಾಟದ ಆಟವಾದರೆ, ಆಗ ವೀರರಿಬ್ಬರೂ ಭೋಜನಾನಂತರದ ಪುರೋಹಿತರಂತೆ ಮುಷ್ಟಿಯೆತ್ತಲೂ ಆಲೋಚಿಸತೊಡಗುತ್ತಾರೆ.

ಊರ್ಧ್ವಗಮನವೇ ಬಿಸಿಗಾಳಿಯ ಧರ್ಮವಾದುದರಿಂದ, ಪೆಟ್ಟಿಗೆಯ ಹಿಂಬದಿಯ ನೆತ್ತಿಯಲ್ಲಿ ಗಾಳಿಯನ್ನು ಹೊರದೂಡುವ 120 ಮಿಲಿಮೀಟರಿನ ಫ್ಯಾನೊಂದನ್ನು ಕೂರಿಸಿ, ತಂಗಾಳಿಯ ಪ್ರವೇಶಕ್ಕೆಂದು ಬುಡದಲ್ಲಿ ರಂಧ್ರಗಳನ್ನು ಕೊರೆಯತಕ್ಕದ್ದು. ಈ ಎರಡನೆಯದನ್ನು ಮರೆತ ಮಹಾನುಭಾವರ ಫ್ಯಾನು, ಒಳಬರಲು ದಾರಿಯೇ ಇಲ್ಲದ ಗಾಳಿಯನ್ನು ಹೊರಗಟ್ಟುವ ವ್ಯರ್ಥ ತಪಸ್ಸಿನಲ್ಲಿ ಗುಂಯ್‌ಗುಡುತ್ತಿರುತ್ತದೆ. ಆ ಝೇಂಕಾರವು ಅಸಹ್ಯವಾದಲ್ಲಿ 12 ವೋಲ್ಟಿನ ಫ್ಯಾನಿಗೆ 7 ವೋಲ್ಟುಗಳನ್ನಷ್ಟೇ ಉಣಿಸಬಹುದು. ಗಾಳಿ ಕಡಿಮೆಯಾದರೂ ಗಲಾಟೆ ಬಹಳ ಇಳಿಯುತ್ತದೆ. ರಂಧ್ರಗಳಿಗೆ ಸೊಳ್ಳೆಜಾಲರಿಯನ್ನು ಬಡಿಯುವುದೂ ಲೇಸು: ಬೆಚ್ಚಗಿನ, ಕತ್ತಲಾದ, ಬಾಡಿಗೆಯಿಲ್ಲದ ಮನೆಯನ್ನು ಜಿರಳೆ ಬೇಡವೆಂದುದುಂಟೆ?

ಇಷ್ಟಾದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ಆನಿಸದೆ, ಹಿಂದೆ ನಾಲ್ಕು ಬೆರಳಿನ ತೆರಪನ್ನು ಬಿಡಬೇಕು. ಆ ತೆರಪಿನಲ್ಲಿ ಮನೆಯವರು ಸುತ್ತಿದ ಚಾಪೆಯನ್ನು ತುರುಕದಂತೆ ತಡೆಯುವ ಯಂತ್ರವನ್ನು ಮಾತ್ರ ಯಾವ ತಂತ್ರಜ್ಞನೂ ಇನ್ನೂ ನಿರ್ಮಿಸಿದಂತಿಲ್ಲ.